ಸೊಂಟ ವಾಸಿಯಾಯಿತು, ಅಂಗಾಲು ಯಾಕೆ ವಾಸಿಯಾಗಲಿಲ್ಲ?

ಈ ಪ್ರಕರಣದ ರೋಗಿ 61 ವರ್ಷದ ಅಡಿಕೆ ಕೃಷಿಕರು, ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವರು. ಊರಿನ ಲೆಕ್ಕದಲ್ಲಿ ನನಗೆ ಮಾವ ಆಗಬೇಕು. ಹಾಗಾಗಿ ಇಲ್ಲೂ ಮಾವ ಅಂತಲೇ ಬರೆಯುತ್ತೇನೆ. ಅವರು ಯಾರೆಂದು ಗೊತ್ತಾಗದಂತೆ ಒಂದೆರಡು ವಿವರ ಬದಲಿಸಿದ್ದೇನೆ. ನಾನು ಫಿಸಿಯೋಥೆರಪಿಸ್ಟ್. ಸಕ್ಕರೆ ಕಾಯಿಲೆಗೆ ಔಷಧ ಬರೆದುಕೊಡುವವಳಲ್ಲ, ಕೈರೋಪ್ರಾಕ್ಟಿಕ್ ಅಂತ ಬೆನ್ನುಮೂಳೆಯನ್ನು ಒತ್ತಿ ತಿರುಚಿ ಟಕ್ ಅನ್ನಿಸುವವಳೂ ಅಲ್ಲ. ಎರಡರ ನಡುವೆ ಕೂತವಳಿಗೆ ಕಂಡದ್ದು ಇಷ್ಟು.

ಮಾವ ಬಂದದ್ದು ಕಾಲಿನ ಉರಿಗೆ ಅಲ್ಲ, ಆಯ ತಪ್ಪುತ್ತದೆ ಅಂತ. ಬೆಳಿಗ್ಗೆ ಬಚ್ಚಲಲ್ಲಿ ಮುಖಕ್ಕೆ ನೀರು ಹಾಕಿ ಕಣ್ಣು ಮುಚ್ಚಿದ ಕೂಡಲೇ ಮೈ ಮುಂದಕ್ಕೆ ವಾಲುತ್ತಿತ್ತು. ಎರಡು ಸಲ ಹಂಡೆಯ ಅಂಚು ಹಿಡಿದು ಬಚಾವಾಗಿದ್ದರು. ರಾತ್ರಿ ಕರೆಂಟು ಹೋದರೆ ಅಂಗಳ ದಾಟಲು ಹೆದರಿಕೆ. ಇನ್ನೊಂದು ವಿಷಯವನ್ನು ಅತ್ತೆ ನಗುತ್ತಾ ಹೇಳಿದರು: "ತೋಟದಿಂದ ಬರುವಾಗ ಒಂದು ಕಾಲಲ್ಲಿ ಚಪ್ಪಲಿ ಇರುವುದಿಲ್ಲ. ಎಲ್ಲಿ ಬಿಟ್ರಿ ಅಂತ ಕೇಳಿದರೆ ಆಗ ಕೆಳಗೆ ನೋಡುತ್ತಾರೆ."

ನನಗೆ ನಗು ಬರಲಿಲ್ಲ. ಕಾಲಿಂದ ಚಪ್ಪಲಿ ಜಾರಿದ್ದು ತಿಳಿಯುವುದಿಲ್ಲ, ಕಣ್ಣು ಮುಚ್ಚಿದರೆ ನಿಲ್ಲಲಾಗುವುದಿಲ್ಲ. ಈ ಎರಡು ಒಟ್ಟಿಗೆ ಬಂದರೆ ಪಾದದ ನರಗಳು ಸುದ್ದಿ ಕಳಿಸುವುದನ್ನು ನಿಲ್ಲಿಸಿವೆ ಅಂತ ಅರ್ಥ. ಅಷ್ಟು ದಿನ ಕಣ್ಣು ಆ ಕೆಲಸವನ್ನೂ ಮಾಡುತ್ತಿತ್ತು.

ಮಾವನಿಗೆ ಮಾತ್ರ ಗಾಬರಿ ಇರಲಿಲ್ಲ. "ಮಂಗಳೂರಲ್ಲಿ ಕೈರೋಪ್ರಾಕ್ಟಿಕ್ ಮಾಡಿಸ್ತಾ ಇದ್ದೇನೆ ಮಾರಾಯ್ತಿ. ಎಲ್ಲ ಸೊಂಟದ ನರದ್ದೇ ಅಂತೆ. ಇನ್ನು ಒಂಬತ್ತು ಸಿಟ್ಟಿಂಗ್ ಉಂಟು. ಅಷ್ಟರವರೆಗೆ ನೀನು ಎಂತಾದರೂ ಎಕ್ಸರ್‌ಸೈಜ್ ಹೇಳಿಕೊಡು" ಅಂದರು.

ಹಿಂದಿನ ಕಥೆ

ಸಕ್ಕರೆ ಕಾಯಿಲೆ ಶುರುವಾಗಿ 11 ವರ್ಷ. ಊರಿನ ಕುಟುಂಬ ಆರೋಗ್ಯ ಕೇಂದ್ರದಿಂದ ಮೆಟ್‌ಫಾರ್ಮಿನ್ ಮಾತ್ರೆ. ಮಾತ್ರೆ ತರಲು ಅತ್ತೆ ಹೋಗುತ್ತಿದ್ದರು, ಮಾವ ಅಪರೂಪ. ಅದರ ಜೊತೆಗೆ ಗ್ಯಾಸಿನ ಮಾತ್ರೆ. ಅದನ್ನು ಯಾವ ಡಾಕ್ಟರೂ ಬರೆದುಕೊಟ್ಟದ್ದಲ್ಲ, ಮೆಡಿಕಲ್ ಶಾಪಿನಲ್ಲಿ ಕೇಳಿ ತಂದದ್ದು. ಐದಾರು ವರ್ಷಗಳಿಂದ ದಿನಾ ಬೆಳಿಗ್ಗೆ ಒಂದು. ಸಸ್ಯಾಹಾರಿ. ಕುಡಿತ ಇಲ್ಲ. ಎಲೆ ಅಡಿಕೆ ಉಂಟು.

ಎರಡು ವರ್ಷಗಳ ಹಿಂದೆ ಎರಡೂ ಪಾದದ ಬೆರಳ ತುದಿಯಲ್ಲಿ ಜುಮುಜುಮು ಶುರುವಾಯಿತು. ಆಮೇಲೆ ರಾತ್ರಿ ಅಂಗಾಲು ಉರಿ. ಹೊದಿಕೆ ತಾಗಿದರೂ ಆಗದು, ಫ್ಯಾನಿನ ಗಾಳಿಗೆ ಕಾಲು ಚಾಚಿ ಮಲಗಬೇಕು. ಹೊಟ್ಟೆಗೆ ಬಿದ್ದ ಮಾತ್ರೆಯ ಉಷ್ಣ ಅಂತ ತಿಳಿದು ಎಳನೀರು ಕುಡಿದರು, ಪಾದಕ್ಕೆ ಎಣ್ಣೆ ತಿಕ್ಕಿಸಿಕೊಂಡರು. ಉರಿ ನಿಧಾನವಾಗಿ ಪಾದದ ಗಂಟಿನವರೆಗೆ ಏರಿತು. ಯಾರಿಗೂ ಹೇಳಲಿಲ್ಲ.

ಆಮೇಲೆ ಬಂದದ್ದು ಬೇರೆಯದೇ ನೋವು. ಅಡಿಕೆ ಗೋಣಿಯನ್ನು ಪಿಕಪ್‌ಗೆ ಎತ್ತಿ ಹಾಕುವಾಗ ಸೊಂಟ ಹಿಡಿಯಿತು. ಎರಡೇ ದಿನದಲ್ಲಿ ಎಡ ಪೃಷ್ಠದಿಂದ ತೊಡೆಯ ಹಿಂಬದಿಗೆ, ಅಲ್ಲಿಂದ ಮೀನಖಂಡದ ಹೊರಬದಿಗೆ ಒಂದೇ ಗೆರೆಯಲ್ಲಿ ಸೆಳೆತ. ಕೆಮ್ಮಿದರೆ ಕಣ್ಣಲ್ಲಿ ನೀರು. ಎಡ ಕಾಲಿನಲ್ಲಿ ಮಾತ್ರ.

ಈ ಎರಡನ್ನು ಬೇರೆ ಬೇರೆಯಾಗಿ ನೋಡಿದ್ದರೆ ಈ ಲೇಖನವೇ ಬೇಕಿರಲಿಲ್ಲ.

ಬೆಂಗಳೂರಿನಲ್ಲಿರುವ ಮಗ ಒಂದು ವಿಡಿಯೋ ಕಳಿಸಿದ. ಮಲಗಿದವರ ಬೆನ್ನನ್ನು ಒಬ್ಬರು ತಿರುಚುತ್ತಾರೆ, ಟಕ್ ಅನ್ನುತ್ತದೆ, ಮಲಗಿದವರು ಎದ್ದು ನಗುತ್ತಾರೆ. ಆಮೇಲೆ ಮಂಗಳೂರಿನ ಒಂದು ಸೆಂಟರಿಗೆ ಹೋದರು. ಎಂಆರ್‌ಐ ಮಾಡಿಸಿದ್ದಾಯಿತು. ಸೊಂಟದ ಕೊನೆಯ ಎರಡು ಡಿಸ್ಕ್‌ಗಳಲ್ಲಿ, ಅಂದರೆ ಮೂಳೆಗಳ ನಡುವಿನ ಮೆತ್ತೆಗಳಲ್ಲಿ, ಉಬ್ಬು ಅಂತ ರಿಪೋರ್ಟ್. ಬೆನ್ನುಮೂಳೆಯ ಪ್ಲಾಸ್ಟಿಕ್ ಮಾದರಿ ಹಿಡಿದು ಅಲ್ಲಿಯವರು ಹೇಳಿದ್ದು ಇಷ್ಟು: ಇಲ್ಲಿ ನರ ಒತ್ತಿದೆ, ಇದೇ ನರ ಪಾದಕ್ಕೆ ಹೋಗುವುದು, ಹಾಗಾಗಿ ನೋವು, ಉರಿ, ಜೋಮು ಎಲ್ಲಕ್ಕೂ ಇದೇ ಮೂಲ. 24 ಸಿಟ್ಟಿಂಗ್‌ನ ಪ್ಯಾಕೇಜ್. ದುಡ್ಡು ಮುಂಗಡ.

ಮೊದಲ ತಿಂಗಳಲ್ಲೇ ಕಾಲಿನ ಸೆಳೆತ ಅರ್ಧಕ್ಕಿಂತ ಕಡಿಮೆಯಾಯಿತು. ಮಾವ ಬೈಕ್ ಓಡಿಸುವಂತಾದರು. ಊರಲ್ಲಿ ನಾಲ್ಕು ಜನರಿಗೆ ಆ ಸೆಂಟರಿನ ನಂಬರ್ ಕೊಟ್ಟರು. ಪಾದದ ಉರಿ ಮಾತ್ರ ಇದ್ದಲ್ಲೇ ಇತ್ತು. ಕೇಳಿದಾಗ "ನರ ಎಚ್ಚರ ಆಗುತ್ತಾ ಇದೆ, ಅದಕ್ಕೇ ಉರಿ" ಎಂಬ ಉತ್ತರ ಸಿಕ್ಕಿತು. ಕೆಲವು ವಾರ ಬಿಟ್ಟು ಉರಿ ಸ್ವಲ್ಪ ಕಡಿಮೆಯಾಯಿತು. ಎಲ್ಲರಿಗೂ ಖುಷಿ. ಉರಿ ಕಡಿಮೆಯಾದದ್ದು ನರ ಗುಣವಾಗಿ ಅಲ್ಲ, ಅದು ಇನ್ನಷ್ಟು ಸತ್ತು. ನರರೋಗದ ದೊಡ್ಡ ಮೋಸ ಇದೇ. ನೋವು ಹೋಗುವುದು ಒಳ್ಳೆಯ ಸುದ್ದಿಯೂ ಆಗಬಹುದು, ಕೆಟ್ಟದ್ದೂ ಆಗಬಹುದು. ಮುಟ್ಟಿ ನೋಡದೆ ಯಾವುದು ಅಂತ ಗೊತ್ತಾಗುವುದಿಲ್ಲ.

ಪಾದ ನೋಡಿದಾಗ

ಮಂಚದ ಮೇಲೆ ಕೂರಿಸಿ ಎರಡೂ ಕಾಲು ನನ್ನ ಮಡಿಲಿಗೆ ತೆಗೆದುಕೊಂಡೆ. ಮಾವನಿಗೆ ಸಂಕೋಚ. "ಛೆ, ಕಾಲು ಹಿಡಿಯುವುದಾ" ಅಂದರು. ಚರ್ಮ ಒಣಗಿತ್ತು, ಹಿಮ್ಮಡಿ ಒಡೆದಿತ್ತು. ಹೆಬ್ಬೆರಳ ಬುಡದಲ್ಲಿ ದಪ್ಪ ಗಟ್ಟಿಚರ್ಮ. ಬಲ ಪಾದ ಮಗುಚಿದರೆ, ಎರಡನೇ ಬೆರಳ ಕೆಳಗೆ, ಒಂದು ರೂಪಾಯಿ ನಾಣ್ಯದಷ್ಟು ಅಗಲದ ಗಾಯ. ಬೊಬ್ಬೆ ಒಡೆದು, ಮಣ್ಣು ಮೆತ್ತಿ, ಅಂಚು ಬೆಳ್ಳಗಾಗಿತ್ತು.

"ಇದು ಯಾವಾಗ ಆದದ್ದು ಮಾವಾ?"

"ಎಂತ ಆದದ್ದು?"

ಮೊಬೈಲಿನಲ್ಲಿ ಫೋಟೋ ತೆಗೆದು ತೋರಿಸಬೇಕಾಯಿತು. ಆಗ ಅತ್ತೆಗೆ ನೆನಪಾಯಿತು, ನಾಲ್ಕೈದು ದಿನಗಳಿಂದ ಚಾವಡಿಯ ನೆಲದಲ್ಲಿ ಕಲೆ ಕಾಣುತ್ತಿತ್ತು, ಬೆಕ್ಕಿನ ಕೆಲಸ ಅಂತ ಒರೆಸುತ್ತಿದ್ದರು. ಅಡಿಕೆ ಒಣಹಾಕುವ ಸಮಯ ಅದು. ನಡು ಮಧ್ಯಾಹ್ನ ಸಿಮೆಂಟಿನ ಅಂಗಳದಲ್ಲಿ ಬರಿಗಾಲು ಎಳೆಯುತ್ತಾ ಅಡಿಕೆ ಮಗುಚುವುದು ಮಾವನ ಹಳೆಯ ಕ್ರಮ. ಮೊದಲೆಲ್ಲ ಕಾಲು ಸುಟ್ಟರೆ ನೆರಳಿಗೆ ಓಡುತ್ತಿದ್ದರು. ಈ ವರ್ಷ ಅಂಗಳ ಸುಡುವುದೇ ಇಲ್ಲ ಅಂತ ಅವರಿಗೆ ಅನಿಸಿತ್ತು.

ಸೆಂಟರಿನಲ್ಲಿ ಯಾರೂ ಪಾದ ನೋಡಲಿಲ್ಲವಾ ಅಂತ ಕೇಳಿದೆ. ಅಲ್ಲಿ ಚಪ್ಪಲಿ ಹೊರಗಿಟ್ಟು, ಅವರೇ ಕೊಡುವ ಸಾಕ್ಸ್ ಹಾಕಿಕೊಂಡು ಒಳಗೆ ಹೋಗಬೇಕಂತೆ. ಚೊಕ್ಕ ವ್ಯವಸ್ಥೆ. ಆದರೆ 15 ಸಿಟ್ಟಿಂಗ್‌ಗಳಲ್ಲಿ ಒಮ್ಮೆಯೂ ಸಾಕ್ಸ್ ಕಳಚಿಸಿಲ್ಲ. ಈ ಪ್ರಕರಣದಲ್ಲಿ ನನಗೆ ಸಿಟ್ಟು ಬಂದ ಒಂದೇ ಜಾಗ ಇದು. ಪಾದ ಉರಿಯುತ್ತದೆ ಅಂತ ಹೇಳುವವರ ಪಾದ ನೋಡಲು ಯಾವ ಪದವಿಯೂ ಬೇಡ.

ಆಮೇಲಿನ ಪರೀಕ್ಷೆಗಳಿಗೆ ಹತ್ತು ನಿಮಿಷ ಸಾಕು. ಮೊದಲನೆಯದು ಮೊನೊಫಿಲಮೆಂಟ್. ಮೀನು ಹಿಡಿಯುವ ತಂಗೂಸಿನಂಥ ನೈಲಾನ್ ಎಳೆ, 10 ಗ್ರಾಂ ಒತ್ತಡಕ್ಕೆ ಸರಿಯಾಗಿ ಬಾಗುತ್ತದೆ. ಅಷ್ಟು ಒತ್ತಿದರೂ ತಿಳಿಯದ ಪಾದಕ್ಕೆ ಹುಣ್ಣಾಗುವ ಅಪಾಯ ಇದೆ ಅಂತ ಲೆಕ್ಕ. ಕಣ್ಣು ಮುಚ್ಚಿಸಿ ಹೆಬ್ಬೆರಳಿಗೆ ಒತ್ತಿದೆ. ಉತ್ತರ ಇಲ್ಲ. ಬೆರಳ ಬುಡದಲ್ಲಿ ಮೂರು ಕಡೆ ಒತ್ತಿದೆ. ಇಲ್ಲ. ನಾನು ಎಳೆಯನ್ನು ಮೇಜಿನ ಮೇಲಿಟ್ಟು ಸುಮ್ನೆ ಕೂತಿರುವಾಗ ಮಾವ "ಹಾಂ, ಈಗ ಮುಟ್ಟಿದ್ದಿ" ಅಂದರು. ಪಾದದಿಂದ ಮೇಲೇರುತ್ತಾ ಮೊಣಕಾಲಿಗೆ ಇನ್ನೊಂದು ಗೇಣು ಇದೆ ಅನ್ನುವಾಗಲೇ ಸರಿ ಉತ್ತರ ಸಿಗಲು ಶುರುವಾದದ್ದು. ಎರಡೂ ಕಾಲಲ್ಲಿ ಹೆಚ್ಚುಕಮ್ಮಿ ಒಂದೇ ಮಟ್ಟ.

128 ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕ್ ಹೆಬ್ಬೆರಳ ಗಂಟಿಗಿಟ್ಟರೆ ತಣ್ಣಗಿದೆ ಎಂದೂ ತಿಳಿಯಲಿಲ್ಲ, ನಡುಗುತ್ತಿದೆ ಎಂದೂ ತಿಳಿಯಲಿಲ್ಲ. ಪಾದದ ಗಂಟಿನಲ್ಲಿ ಇಲ್ಲ, ಮೊಣಕಾಲಿನಲ್ಲಿ ಉಂಟು. ಹೆಬ್ಬೆರಳನ್ನು ಮೇಲೆ ಎತ್ತಿ "ಮೇಲಾ ಕೆಳಗಾ" ಅಂತ ಕೇಳಿದರೆ ಊಹೆಯ ಉತ್ತರ. ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿಗೆ ಸುತ್ತಿಗೆ ತಟ್ಟಿದರೆ ಪಾದ ಜಿಗಿಯಬೇಕು, ಎರಡೂ ಕಡೆ ಜಿಗಿಯಲಿಲ್ಲ. ಕಾಲು ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಿಸಿದಾಗ ಮೂರು ಸೆಕೆಂಡಿನಲ್ಲಿ ನನ್ನ ಮೇಲೆ ಬಿದ್ದರು. ಪಾದದ ನಾಡಿ ಮಾತ್ರ ಚೆನ್ನಾಗಿ ಸಿಗುತ್ತಿತ್ತು. ರಕ್ತ ಓಡುತ್ತಿದೆ ಅಂದರೆ ಗಾಯ ಮಾಯುವ ಭರವಸೆ ಇದೆ.

ಸೊಂಟದ ಕಡೆಗೂ ಬಂದೆ. ಮಲಗಿಸಿ ಎಡಗಾಲನ್ನು ನೇರವಾಗಿ ಎತ್ತಿದಾಗ 60 ಡಿಗ್ರಿಯ ಹತ್ತಿರ ಸಣ್ಣ ಸೆಳೆತ, ಬಲಗಾಲಿಗೆ ಎಂತದೂ ಇಲ್ಲ. ಎಡ ಹೆಬ್ಬೆರಳನ್ನು ಮೇಲೆತ್ತುವ ಬಲ ತುಸು ಕಡಿಮೆ. ಅಂದರೆ ಸೊಂಟದ ನರ ನಿಜಕ್ಕೂ ಒತ್ತಿತ್ತು. ಸೆಂಟರಿನವರು ಅಲ್ಲಿ ಸುಳ್ಳು ಹೇಳಿರಲಿಲ್ಲ.

ಒಂದೇ ಕಾಲಲ್ಲಿ ಎರಡು ಕಾಯಿಲೆ

ಸೊಂಟದಲ್ಲಿ ನರದ ಬೇರು ಒತ್ತಿದರೆ ನೋವು ಒಂದು ಪಟ್ಟಿಯಾಗಿ ಇಳಿಯುತ್ತದೆ. ಸಾಮಾನ್ಯವಾಗಿ ಒಂದೇ ಕಾಲು. ಕೆಮ್ಮಿದರೆ, ಬಗ್ಗಿದರೆ ಜಾಸ್ತಿ. ಸಕ್ಕರೆ ಕಾಯಿಲೆಯಿಂದ ಬರುವ ನರರೋಗ ಹಾಗಲ್ಲ. ಎರಡೂ ಪಾದ, ಬೆರಳ ತುದಿಯಿಂದ ಶುರು, ಸಾಕ್ಸ್ ಹಾಕಿದ ಹಾಗೆ ಸುತ್ತಲೂ ಮೇಲೇರುತ್ತದೆ. ಮೊಣಕಾಲಿನ ಹತ್ತಿರ ಬಂದಾಗ ಕೈ ಬೆರಳಿನಲ್ಲೂ ಶುರುವಾಗುತ್ತದೆ. ಮಾವನಿಗೂ ಬೆರಳ ತುದಿ ಜುಮುಗುಡಲು ತೊಡಗಿತ್ತು. ಶರ್ಟಿನ ಗುಂಡಿ ಹಾಕಲು ತಡವಾಗುತ್ತದೆ ಅಂತ ಕೇಳಿದ ಮೇಲೆ ಹೇಳಿದರು.

ಪಾದವೇ ಯಾಕೆ ಮೊದಲು? ಪಾದದ ಸ್ಪರ್ಶ ಹೊತ್ತು ತರುವ ನರತಂತುವಿನ ಜೀವಕೋಶ ಇರುವುದು ಸೊಂಟದ ಹತ್ತಿರ. ಅಲ್ಲಿಂದ ಹೆಬ್ಬೆರಳಿಗೆ ಸುಮಾರು ಒಂದು ಮೀಟರ್ ದೂರ. ಆ ತುದಿಗೆ ಬೇಕಾದ ಸಾಮಾನೆಲ್ಲ ಜೀವಕೋಶದಿಂದಲೇ ಹೋಗಬೇಕು. ತೋಟಕ್ಕೆ ನೀರು ಬಿಡುವಾಗ ಪಂಪಿನ ಒತ್ತಡ ಇಳಿದರೆ ಮೊದಲು ನಿಲ್ಲುವುದು ಪೈಪಿನ ಕೊನೆಯ ಸ್ಪ್ರಿಂಕ್ಲರ್ ಅಲ್ವಾ, ಹಾಗೆ. ಮಾವನಿಗೆ ಇದನ್ನು ಹೀಗೇ ಹೇಳಿದೆ, ತಕ್ಷಣ ಅರ್ಥವಾಯಿತು. "ಹಾಗಾದರೆ ಪೈಪು ಮಡಚಿದ್ದಲ್ಲ, ಪಂಪಿನದ್ದೇ ತೊಂದರೆ" ಅಂದರು. ಅವರಿಗೆ ಮಡಚಿದ್ದೂ ಇತ್ತು, ಪಂಪೂ ಕೆಟ್ಟಿತ್ತು. ಮಡಚಿದ್ದನ್ನು ಬಿಡಿಸಿದರೆ ಪಂಪು ರಿಪೇರಿ ಆಗುವುದಿಲ್ಲ.

ಎಂಆರ್‌ಐ ಬಗ್ಗೆ ಒಂದು ಮಾತು. 60 ದಾಟಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ, ಒಂಚೂರೂ ನೋವಿಲ್ಲದಿದ್ದರೂ, ಡಿಸ್ಕ್ ಉಬ್ಬಿರುವುದು ಕಾಣುತ್ತದೆ. ಹಾಗಾಗಿ ರಿಪೋರ್ಟಿನಲ್ಲಿ ಉಬ್ಬು ಅಂತ ಬರೆದಿದ್ದರೆ ಕಾಲಿನ ಎಲ್ಲ ತೊಂದರೆಗೂ ಅದೇ ಕಾರಣ ಅನ್ನುವಂತಿಲ್ಲ.

ಕೈರೋಪ್ರಾಕ್ಟಿಕ್ ಶುರುವಾದದ್ದು 1895ರಲ್ಲಿ, ಅಮೆರಿಕದ ಅಯೋವಾ ರಾಜ್ಯದ ಡ್ಯಾವೆನ್‌ಪೋರ್ಟ್ ಎಂಬ ಊರಿನಲ್ಲಿ. ಡೇನಿಯಲ್ ಡೇವಿಡ್ ಪಾಮರ್ ಎಂಬುವರು ಅಲ್ಲಿನ ಜವಾನ ಹಾರ್ವೆ ಲಿಲರ್ಡ್‌ನ ಬೆನ್ನುಮೂಳೆ ಒತ್ತಿ ಕಿವುಡು ಹೋಗಲಾಡಿಸಿದೆ ಅಂದರು. ಕಿವಿಯ ನರ ತಲೆಬುರುಡೆಯ ಒಳಗೇ ಹೋಗುತ್ತದೆ, ಬೆನ್ನಿನ ದಾರಿಗೆ ಬರುವುದೇ ಇಲ್ಲ! ಮೂಳೆ ಜಾರಿ ನರ ಒತ್ತುವುದೇ ಕಾಯಿಲೆಗಳ ಮೂಲ ಅನ್ನುವುದು ಪಾಮರ್ ಸಿದ್ಧಾಂತ. ಇವತ್ತು ಅನೇಕ ಕೈರೋಪ್ರಾಕ್ಟರ್‌ಗಳೇ ಅದನ್ನು ಒಪ್ಪುವುದಿಲ್ಲ. ಆದರೆ ಮಾವನಿಗೆ ತೋರಿಸಿದ ಪ್ಲಾಸ್ಟಿಕ್ ಮಾದರಿಯ ಹಿಂದೆ ಇದ್ದದ್ದು ಅದೇ.

ಸೊಂಟನೋವಿಗೆ ಬೆನ್ನು ಒತ್ತುವ ಚಿಕಿತ್ಸೆಯಿಂದ ಸ್ವಲ್ಪ ಉಪಕಾರ ಆಗುತ್ತದೆ. ವ್ಯಾಯಾಮ ಮತ್ತು ಬೇರೆ ಒಪ್ಪಿತ ಚಿಕಿತ್ಸೆಗಳಷ್ಟೇ, ಅದಕ್ಕಿಂತ ಜಾಸ್ತಿ ಏನಲ್ಲ. ಡಿಸ್ಕಿನ ಕಾಲುಸೆಳೆತ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಹಾಗಾಗಿ ಮಾವನ ಸೆಳೆತ ಇಳಿಸಿದ್ದು ಕೈಯೋ, ಕಾಲವೋ ಅಂತ ನಾನು ವಾದಿಸಲು ಹೋಗುವುದಿಲ್ಲ. ಸಕ್ಕರೆಯಿಂದ, ವಿಟಮಿನ್ ಕೊರತೆಯಿಂದ ಸತ್ತ ನರವನ್ನು ಬೆನ್ನು ಒತ್ತಿ ಬದುಕಿಸಬಹುದು ಅನ್ನುವುದಕ್ಕೆ ಮಾತ್ರ ನಂಬುವಂಥ ಪುರಾವೆ ಇಲ್ಲ. ಆ ಟಕ್ ಶಬ್ದವೂ ಮೂಳೆ ಜಾಗಕ್ಕೆ ಕೂತದ್ದರ ಶಬ್ದ ಅಲ್ಲ. 2015ರಲ್ಲಿ ಕೆನಡಾದ ಸಂಶೋಧಕರು ಬೆರಳಿನ ನೆಟಿಗೆ ಮುರಿಯುವುದನ್ನು ಎಂಆರ್‌ಐ ಯಂತ್ರದೊಳಗೆ ನೋಡಿದರು. ಕೀಲಿನ ದ್ರವದಲ್ಲಿ ದಿಢೀರನೆ ಅನಿಲದ ಟೊಳ್ಳು ಉಂಟಾಗುವಾಗ ಆ ಸದ್ದು ಬರುತ್ತದೆ.

ಭಾರತದಲ್ಲಿ ಕೈರೋಪ್ರಾಕ್ಟಿಕ್‌ಗೆ ಅಂತಲೇ ಕಾನೂನಿನ ಕೌನ್ಸಿಲ್ ಇಲ್ಲ. ವಿದೇಶದಲ್ಲಿ ವರ್ಷಗಟ್ಟಲೆ ಓದಿ ಬಂದವರೂ ಇದ್ದಾರೆ, ಸಣ್ಣ ಕೋರ್ಸ್ ಮಾಡಿ ಬೋರ್ಡ್ ಹಾಕಿದವರೂ ಇದ್ದಾರೆ. ಹೊರಗೆ ಕೂತ ರೋಗಿಗೆ ಇಬ್ಬರೂ ಒಂದೇ.

ಗಡಿಯ ಎರಡು ಫೈಲು

ನಮ್ಮ ಊರಿನ ಒಂದು ಕಷ್ಟ ಇಲ್ಲಿ ಹೇಳಲೇಬೇಕು. ಸಕ್ಕರೆಯ ಮಾತ್ರೆ ಕೇರಳದ ಆರೋಗ್ಯ ಕೇಂದ್ರದಿಂದ, ಮಲಯಾಳದಲ್ಲಿ ಬರೆದ ಪುಸ್ತಕದಲ್ಲಿ. ಎಂಆರ್‌ಐ, ಸೊಂಟ, ದೊಡ್ಡ ಡಾಕ್ಟರ್ ಎಲ್ಲ ತಲಪಾಡಿ ಗಡಿ ದಾಟಿ ಮಂಗಳೂರಿನಲ್ಲಿ. ಮಂಗಳೂರಿನ ಸೆಂಟರಿಗೆ ಆ ಪುಸ್ತಕ ಹೋಗಿರಲಿಲ್ಲ. ಆರೋಗ್ಯ ಕೇಂದ್ರದ ಡಾಕ್ಟರಿಗೆ ಎಂಆರ್‌ಐ ವಿಷಯ ಗೊತ್ತಿರಲಿಲ್ಲ. ಗ್ಯಾಸಿನ ಮಾತ್ರೆ ಯಾವ ಕಾಗದದಲ್ಲೂ ಇರಲಿಲ್ಲ. ಮೂರನ್ನೂ ಒಂದೇ ಮೇಜಿನ ಮೇಲಿಟ್ಟು ನೋಡಿದವರು ಯಾರೂ ಇಲ್ಲ.

ಮೂರನ್ನೂ ಒಟ್ಟಿಗೆ ಇಟ್ಟರೆ ಒಂದು ಸಂಶಯ ಬರಲೇಬೇಕು: ನರಗಳಿಗೆ ಬೇಕೇಬೇಕಾದ ಬಿ12 ವಿಟಮಿನ್ ಕೊರತೆ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ಇದನ್ನು ಸಾಮಾನ್ಯ ಅಡ್ಡಪರಿಣಾಮ ಅಂತಲೇ ಹೇಳಿ ಎಚ್ಚರಿಸಿತು. ಗ್ಯಾಸಿನ ಮಾತ್ರೆ ಹೊಟ್ಟೆಯ ಆಮ್ಲ ಇಳಿಸುತ್ತದೆ, ಆಹಾರದಿಂದ ಬಿ12 ಬಿಡಿಸಿಕೊಳ್ಳಲು ಆ ಆಮ್ಲ ಬೇಕು. ಅದರ ಮೇಲೆ ಸಸ್ಯಾಹಾರ. ಹಾಲು ಮೊಸರು ಇದ್ದರೂ ಮೀನು ಮಾಂಸದಷ್ಟು ಸಿಗುವುದಿಲ್ಲ. ಮಾವನಿಗೆ ಮೂರೂ ಬಾಗಿಲು ಮುಚ್ಚಿತ್ತು.

ಇಷ್ಟನ್ನೂ ಬರೆದು ಆರೋಗ್ಯ ಕೇಂದ್ರದ ಡಾಕ್ಟರಿಗೆ ಪತ್ರ ಕೊಟ್ಟೆ. ಅವರು ಆಸಕ್ತಿಯಿಂದ ನೋಡಿದರು. ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 9.4 ಬಂತು, ತುಂಬ ಜಾಸ್ತಿ. ಬಿ12 136, ಕನಿಷ್ಠ 200ರ ಹತ್ತಿರ ಇರಬೇಕಿತ್ತು. ರಕ್ತಕಣಗಳ ಗಾತ್ರ ದೊಡ್ಡದಾಗಿತ್ತು, ಅದೂ ಬಿ12 ಕಡೆಗೇ ಬೊಟ್ಟು ಮಾಡುತ್ತದೆ. ಥೈರಾಯ್ಡ್, ಕಿಡ್ನಿ ಸರಿ ಇತ್ತು. ಕುಷ್ಠರೋಗ ಇದೆಯಾ ಅಂತಲೂ ಮೊಣಕೈ ಮತ್ತು ಮೊಣಕಾಲಿನ ಬದಿಯ ನರ ಮುಟ್ಟಿ, ಚರ್ಮದ ಮಚ್ಚೆ ಹುಡುಕಿ ನೋಡಿದರು. ಜೋಮು ಹಿಡಿದ ಪಾದದಲ್ಲಿ ಗಾಯ ಅಂದ ಮೇಲೆ ನಮ್ಮ ದೇಶದಲ್ಲಿ ಇದನ್ನು ಬಿಡುವ ಹಾಗಿಲ್ಲ. ಅದಿರಲಿಲ್ಲ. ನರದ ವೇಗ ಅಳೆಯುವ ಪರೀಕ್ಷೆ ಮಂಗಳೂರಿನಲ್ಲಿ ಆಯಿತು. ಎರಡೂ ಕಾಲಿನ ಸ್ಪರ್ಶದ ನರಗಳಿಂದ ಉತ್ತರವೇ ಇಲ್ಲ ಅಂತ ವರದಿ.

ಅಷ್ಟರಲ್ಲಿ ಮಗ ಫೋನ್ ಮಾಡಿ ಕೇಳಿದ, "ಅಕ್ಕಾ, ಇದು ಎಂಡೋಸಲ್ಫಾನ್‌ದ್ದಾ?" ನಮ್ಮ ಕಡೆ ಈ ಪ್ರಶ್ನೆ ಬಾರದ ಮನೆ ಇಲ್ಲ. ಆ ಕೀಟನಾಶಕವನ್ನು ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಲ್ಲಿ ಸಿಂಪಡಿಸಿದ್ದು 1970ರ ದಶಕದ ಕೊನೆಯಿಂದ 2000ದವರೆಗೆ. ಸುಪ್ರೀಂ ಕೋರ್ಟ್ ದೇಶಕ್ಕೇ ನಿಷೇಧ ಹಾಕಿದ್ದು 2011ರಲ್ಲಿ. ನಡುವೆ ಎಷ್ಟೋ ಮಕ್ಕಳ ಬದುಕು ಹಾಳಾಯಿತು. ಹಾಗಾಗಿ ಈ ಪ್ರಶ್ನೆಯನ್ನು ನಾನು ತಳ್ಳಿಹಾಕಲಿಲ್ಲ. ಆ ವಿಷ ಮೈಗೆ ಜೋರಾಗಿ ಸೇರಿದರೆ ಮೊದಲು ಕಾಡುವುದು ಮಿದುಳನ್ನು, ಫಿಟ್ಸ್ ಬರುತ್ತದೆ. ಅಷ್ಟು ವರ್ಷ ಬಿಟ್ಟು ಬೆರಳ ತುದಿಯಿಂದ ಏರುವ ಜೋಮು ಅದರ ರೀತಿಯಲ್ಲ. ಎದುರಿಗೆ 9.4 ಮತ್ತು 136 ಎಂಬ ಎರಡು ಅಂಕಿ ಇರುವಾಗ, ಸರಿಪಡಿಸಬಹುದಾದ ಕಾರಣ ಬಿಟ್ಟು ಸರಿಪಡಿಸಲಾಗದ್ದರ ಹಿಂದೆ ಹೋಗುವುದು ಬೇಡ ಅಂತ ಹೇಳಿದೆ. ಮಗ ಒಪ್ಪಿದ. ಅತ್ತೆ ಇವತ್ತಿಗೂ ಪೂರ್ತಿ ಒಪ್ಪಿಲ್ಲ.

ಚಿಕಿತ್ಸೆ

ಮೊದಲು ಗಾಯ. ಎಕ್ಸ್‌ರೇ ತೆಗೆದಾಗ ಮೂಳೆಗೆ ಸೋಂಕು ಹೋದ ಗುರುತು ಕಾಣಲಿಲ್ಲ. ಡ್ರೆಸ್ಸಿಂಗ್ ಆರೋಗ್ಯ ಕೇಂದ್ರದಲ್ಲಿ. ಆದರೆ ಗಾಯ ಮಾಯುವುದು ಮುಲಾಮಿನಿಂದ ಅಲ್ಲ, ಅದರ ಮೇಲೆ ಭಾರ ಬೀಳದಿದ್ದರೆ. ತಮಿಳುನಾಡಿನ ವೆಲ್ಲೂರಿನಲ್ಲಿ ಪಾಲ್ ಬ್ರಾಂಡ್ ಎಂಬ ಸರ್ಜನ್ ಕುಷ್ಠರೋಗಿಗಳ ಪಾದ ನೋಡಿ ನೋಡಿ ಇದನ್ನು ಕಂಡುಕೊಂಡರು. ಬೆರಳುಗಳು ರೋಗದಿಂದ ಉದುರುವುದಲ್ಲ, ನೋವು ತಿಳಿಯದೆ ದಿನಾ ಆಗುವ ಪೆಟ್ಟಿನಿಂದ ಸವೆಯುವುದು. ಇವತ್ತು ಸಕ್ಕರೆಯವರಿಗೆ ಕೊಡುವ ಎಂಸಿಆರ್ ರಬ್ಬರಿನ ಮೆತ್ತನೆ ಚಪ್ಪಲಿಯ ಮೂಲ ಆ ಕೆಲಸವೇ. ಮಾವನಿಗೂ ಅದೇ ಮಾಡಿಸಿದೆವು. ಗಾಯದ ಕೆಳಗೆ ಹಳ್ಳ ಬಿಟ್ಟು, ಹಿಂದೆ ಪಟ್ಟಿ ಇಟ್ಟು. ಪಟ್ಟಿ ಇಲ್ಲದಿದ್ದರೆ ಅದೂ ತೋಟದಲ್ಲೇ ಉಳಿಯುತ್ತದೆ.

ಚಪ್ಪಲಿ ಹಾಕಿ ಚಾವಡಿಯೊಳಗೆ ಓಡಾಡುವುದು ಅತ್ತೆಗೆ ಸರಿಬರಲಿಲ್ಲ. ದೇವರ ಕೋಣೆ ಪಕ್ಕದಲ್ಲೇ ಇತ್ತು. ಕೊನೆಗೆ ಮನೆಯೊಳಗೆ ಬೇರೆ ಜೊತೆ, ಹೊರಗೆ ಬೇರೆ ಜೊತೆ ಅಂತ ತೀರ್ಮಾನವಾಯಿತು. ಈ ಒಪ್ಪಂದಕ್ಕೆ ತಗುಲಿದಷ್ಟು ಹೊತ್ತು ಬೇರೆ ಯಾವುದಕ್ಕೂ ತಗುಲಲಿಲ್ಲ.

ಬಿ12 ಇಂಜೆಕ್ಷನ್ ಶುರುವಾಯಿತು, ಮೊದಲು ದಿನ ಬಿಟ್ಟು ದಿನ, ಆಮೇಲೆ ದೂರ ದೂರ. ಗ್ಯಾಸಿನ ಮಾತ್ರೆಯನ್ನು ಡಾಕ್ಟರ್ ನಿಧಾನವಾಗಿ ನಿಲ್ಲಿಸಿದರು. ಸಕ್ಕರೆಯನ್ನೂ ನಿಧಾನವಾಗಿಯೇ ಇಳಿಸಿದರು. ಮಾವನಿಗೆ ಇದು ವಿಚಿತ್ರ ಅನ್ನಿಸಿತು, ಬೇಗ ಇಳಿದರೆ ಒಳ್ಳೆಯದಲ್ವಾ ಅಂತ. ವರ್ಷಗಟ್ಟಲೆ ಏರಿದ್ದ ಸಕ್ಕರೆ ಮೂರೇ ತಿಂಗಳಲ್ಲಿ ಧಡಕ್ಕನೆ ಇಳಿದರೆ ಕೆಲವರಿಗೆ ನರದ ಉರಿ ಇನ್ನಷ್ಟು ಕೆರಳುತ್ತದೆ. ಕಣ್ಣಿಗೂ ತೊಂದರೆ ಆಗಬಹುದು. ಕಣ್ಣಿನ ಪರೀಕ್ಷೆಯನ್ನೂ ಆಗಲೇ ಮಾಡಿಸಿದರು. ರಾತ್ರಿಯ ಉರಿಗೆ ಪ್ರಿಗಾಬಾಲಿನ್, ಕಡಿಮೆ ಪ್ರಮಾಣದಲ್ಲಿ. ಮೊದಲ ವಾರ ತಲೆ ತಿರುಗಿತು. ಮೊದಲೇ ಆಯ ತಪ್ಪುವವರಿಗೆ ಇದು ಸಣ್ಣ ವಿಷಯ ಅಲ್ಲ. ಮಲಗುವ ಹೊತ್ತಿಗೆ ಬದಲಿಸಿ, ಬಚ್ಚಲಿನ ದಾರಿಗೆ ರಾತ್ರಿಯ ದೀಪ ಹಾಕಿಸಿದೆವು.

ನನ್ನ ಪಾಲಿನದು ವ್ಯಾಯಾಮ. ಗೋಡೆಯ ಮೂಲೆಗೆ ಬೆನ್ನು ಕೊಟ್ಟು, ಎದುರಿಗೆ ಕುರ್ಚಿ ಇಟ್ಟು, ಕಾಲು ಜೋಡಿಸಿ ನಿಲ್ಲುವುದು. ಆಮೇಲೆ ಒಂದರ ಮುಂದೆ ಒಂದು ಪಾದ. ಹಿಮ್ಮಡಿ ಎತ್ತಿ ಇಳಿಸುವುದು. ಸೊಂಟಕ್ಕೆ ಬೇರೆ. ಬಚ್ಚಲಲ್ಲಿ ಕೈಹಿಡಿ, ಮುಖ ತೊಳೆಯುವಾಗ ಒಂದು ಕೈ ಅದರ ಮೇಲೆ. ಸತ್ತ ನರ ವ್ಯಾಯಾಮದಿಂದ ಹುಟ್ಟುವುದಿಲ್ಲ. ಉಳಿದದ್ದನ್ನು ಬಳಸಲು ಮೈ ಕಲಿಯುತ್ತದೆ, ಅಷ್ಟೇ.

ಮಾವನ ಒಪ್ಪಿಗೆ ಪಡೆದು ಸೆಂಟರಿಗೂ ಫೋನ್ ಮಾಡಿದೆ. ಮರ್ಯಾದೆಯಿಂದಲೇ ಮಾತಾಡಿದರು. ಬಿ12 ವಿಷಯ ಕೇಳಿ "ಅದೂ ಇರಬಹುದು, ಆದರೆ ಅಲೈನ್‌ಮೆಂಟ್ ಮುಖ್ಯ" ಅಂದರು. ನಾನು ಮೂರು ಮಾತು ಹೇಳಿದೆ. ಕುತ್ತಿಗೆ ತಿರುಚಬೇಡಿ. ಅಪರೂಪಕ್ಕಾದರೂ ಕುತ್ತಿಗೆಯ ರಕ್ತನಾಳ ಸೀಳಿ ಪಾರ್ಶ್ವವಾಯು ಆದ ಉದಾಹರಣೆಗಳಿವೆ, ಮಾವನಿಗೆ ಕುತ್ತಿಗೆನೋವು ಇಲ್ಲವೇ ಇಲ್ಲ. ಪಾದಕ್ಕೆ ಯಾವ ಬಿಸಿಯೂ ಬೇಡ, ಬಿಸಿ ಎಷ್ಟು ಅಂತ ಅವರಿಗೆ ತಿಳಿಯುವುದಿಲ್ಲ. ಬಂದಾಗಲೆಲ್ಲ ಸಾಕ್ಸ್ ಕಳಚಿಸಿ ನೋಡಿ. ಮೂರನ್ನೂ ಒಪ್ಪಿದರು. ದುಡ್ಡು ಹಿಂದೆ ಕೊಡಲು ಒಪ್ಪಲಿಲ್ಲ. ಉಳಿದ ಸಿಟ್ಟಿಂಗ್ ಮನೆಯವರು ಯಾರಾದರೂ ಬಳಸಬಹುದು ಅಂದರು.

ಮೂತ್ರ ಕಟ್ಟಿದರೆ, ಗುದದ ಸುತ್ತ ಜೋಮು ಬಂದರೆ, ಕಾಲಿನ ಬಲ ದಿಢೀರ್ ಕಡಿಮೆಯಾದರೆ ಯಾವ ಸೆಂಟರಿಗೂ ಬೇಡ, ನನ್ನಲ್ಲಿಗೂ ಬೇಡ, ನೇರ ದೊಡ್ಡ ಆಸ್ಪತ್ರೆಗೆ ಅಂತ ಅತ್ತೆಗೆ ಬರೆದುಕೊಟ್ಟೆ. ಅದನ್ನು ಕ್ಯಾಲೆಂಡರಿಗೆ ಪಿನ್ ಹಾಕಿದ್ದಾರೆ.

ಆರು ತಿಂಗಳ ಮೇಲೆ

ಗಾಯ ಮಾಯಲು ಎರಡೂವರೆ ತಿಂಗಳು ಬೇಕಾಯಿತು. ಎಚ್‌ಬಿಎ1ಸಿ 7.6ಕ್ಕೆ ಬಂತು, ಬಿ12 ಸರಿಯಾಯಿತು. ರಾತ್ರಿಯ ಉರಿ ಹತ್ತರಲ್ಲಿ ಎಂಟು ಇದ್ದದ್ದು ನಾಲ್ಕಕ್ಕೆ ಇಳಿದಿದೆ. ಟ್ಯೂನಿಂಗ್ ಫೋರ್ಕಿನ ನಡುಕ ಈಗ ಪಾದದ ಗಂಟಿನಲ್ಲಿ ತಿಳಿಯುತ್ತದೆ. ಬೆರಳಿನಲ್ಲಿ ಇಲ್ಲ. ಶರ್ಟಿನ ಗುಂಡಿ ಮೊದಲಿನ ಹಾಗೆ ಹಾಕುತ್ತಾರೆ. ಬಿದ್ದಿಲ್ಲ.

ಹೆಬ್ಬೆರಳಿನ ಸ್ಪರ್ಶ ಮರಳಿಲ್ಲ. ಮರಳುತ್ತದೆ ಅಂತ ನಾನು ಹೇಳಿಯೂ ಇಲ್ಲ. ನರತಂತು ಬೆಳೆದರೆ, ಎಲ್ಲ ಸರಿ ಇದ್ದರೆ, ದಿನಕ್ಕೆ ಒಂದು ಮಿಲಿಮೀಟರ್. ಸಕ್ಕರೆಯಲ್ಲಿ ಅಷ್ಟೂ ಕಷ್ಟ. ಬಿ12 ಕೊರತೆಯ ಪಾಲು ಗುಣವಾಯಿತು, ಸಕ್ಕರೆಯ ಪಾಲು ಉಳಿಯಿತು ಅಂತ ನನ್ನ ಅಂದಾಜು. ಹಾಗಾಗಿ ದಿನಾ ರಾತ್ರಿ ಪಾದ ನೋಡುವುದು ಇನ್ನು ಶಾಶ್ವತ. ಮಾವನಿಗೆ ಬಗ್ಗಲು ಕಷ್ಟ, ಅತ್ತೆ ನೋಡುತ್ತಾರೆ. ಅಡಿಕೆ ಮಗುಚಲು ಮರದ ಹಲುಬೆ ಮಾಡಿಸಿದ್ದಾರೆ.

ಸೊಂಟ ಸರಿ ಮಾಡಿದ್ದು ಆ ಟಕ್ ಶಬ್ದವೇ ಅಂತ ಮಾವ ಈಗಲೂ ಹೇಳುತ್ತಾರೆ. ಉಳಿದ ಸಿಟ್ಟಿಂಗ್‌ಗಳನ್ನು ಅವರು ಬಳಸಲಿಲ್ಲ, ಅತ್ತೆಯ ತಮ್ಮನಿಗೆ ಕೊಟ್ಟರು. ಆತನಿಗೆ 48, ಅಡುಗೆ ಕೆಲಸ, ಹಂಡೆ ಎತ್ತಿ ಎತ್ತಿ ಸೊಂಟನೋವು. ಮಂಗಳೂರಿಗೆ ಹೋಗುವ ಮೊದಲು ಅತ್ತೆ ಅವರನ್ನು ನನ್ನಲ್ಲಿಗೆ ಕಳಿಸಿದರು. ಪಾದದಲ್ಲಿ ಮೊನೊಫಿಲಮೆಂಟ್ ಎಲ್ಲ ಕಡೆ ತಿಳಿಯಿತು, ಸಕ್ಕರೆ ಇಲ್ಲ, ನೋವು ಸೊಂಟ ಬಿಟ್ಟು ಕೆಳಗಿಳಿದಿಲ್ಲ. ಕುತ್ತಿಗೆ ಮುಟ್ಟಿಸಬೇಡಿ ಅಂತ ಹೇಳಿ ಹೋಗಿ ಬನ್ನಿ ಅಂದೆ. ಹಂಡೆ ಎತ್ತುವ ಕ್ರಮ ಬದಲಿಸದಿದ್ದರೆ ಒಂಬತ್ತಲ್ಲ, ತೊಂಬತ್ತು ಸಿಟ್ಟಿಂಗ್ ಆದರೂ ನೋವು ವಾಪಸ್ ಬರುತ್ತದೆ ಅಂತಲೂ ಹೇಳಿದೆ. ಅದನ್ನು ತೋರಿಸಿಕೊಡಲು ಮುಂದಿನ ವಾರ ಬರಹೇಳಿದ್ದೇನೆ.